ಬಾಗಿಲ ಮೇಲಿನ ಚುಂಗು

ಕಡಲ ಕಡೆಯಿಂದ ವಿಮಾನದ ಸದ್ದು ಬಂದಾಗ ಡಾರ್ಕಸ್ ಹ್ಯಾಲೆಟ್ ಶೆಡ್ಡಿನ ಮುಂದೆ ಕೂತು ಹುಲ್ಲು ಕೊಯ್ಯುವ ಬ್ಲೇಡು ಮಸೆಯುತ್ತಿದ್ದಳು. ಅರ ಕೆಳಗಿಟ್ಟು ತಲೆಯೆತ್ತಿದಳು. ಇಂಜಿನ್ನು ಹಳೇ ಕಾಲದ್ದು, ಮುದುಕರ ಕೆಮ್ಮಿನ ಹಾಗೆ ತಡೆತಡೆದು ಬರುತ್ತಿತ್ತು. ನೀರಿನ ಮೇಲೆ ಇನ್ನೂ ಕರಗದೆ ಉಳಿದಿದ್ದ ಮಂಜಿನೊಳಗಿಂದ ಹಳದಿ ಬಣ್ಣದ ಪುಟ್ಟ ವಿಮಾನವೊಂದು ಹೊರಬಂತು.

ಹ್ಯಾರೋ ದ್ವೀಪದ ಈ ಬಯಲಿಗೆ ಬೇಸಿಗೆಯಲ್ಲಿ ಇಂಥ ವಿಮಾನಗಳು ಬರುವುದು ಹೊಸದಲ್ಲ. ಡಾರ್ಕಸ್‌ಳ ಅಜ್ಜ ಕುರಿ ಮೇಯಿಸುತ್ತಿದ್ದ ಜಾಗ ಅದು. ಕುರಿ ಓಡಿಸಿ ವಿಮಾನ ಇಳಿಸಲು ಶುರುಮಾಡಿದ್ದು ಎರಡು ಮಹಾಯುದ್ಧಗಳ ನಡುವಿನ ಕಾಲದಲ್ಲಿ. ಅಂದಿನಿಂದ ಹುಲ್ಲು ಹುಲ್ಲಾಗಿಯೇ ಇದೆ, ಯಾರೂ ಡಾಂಬರು ಹಾಕಲಿಲ್ಲ. ಬದಲಾದದ್ದು ಒಂದೇ. ದಕ್ಷಿಣದ ತುದಿಯಲ್ಲಿ ಕಡಲು ದಂಡೆಯನ್ನು ಕೆಳಗಿಂದ ತಿನ್ನುತ್ತಿದೆ. ಮೇಲೆ ನೋಡಿದರೆ ಹಸಿರು ಹುಲ್ಲು, ಒಳಗೆ ಪೊಳ್ಳು. ಪ್ರತಿ ವಸಂತದಲ್ಲೂ ಡಾರ್ಕಸ್ ಗಡಿ ತೋರಿಸುವ ಹಳೇ ಟೈರುಗಳ ಸಾಲನ್ನು ಇನ್ನಷ್ಟು ಒಳಕ್ಕೆ ಎಳೆದು ತಂದು ಕಿತ್ತಳೆ ಬಣ್ಣ ಬಳಿಯುತ್ತಾಳೆ. ಸಾಲಿನ ಈಚೆಗೇ ಇಳಿಯಬೇಕು, ಆಚೆಗಲ್ಲ. ಬಯಲಿನ ಕಾನೂನು ಅಂತ ಇರುವುದು ಅದೊಂದೇ.

ಹಳದಿ ವಿಮಾನ ಆಚೆಗೇ ಇಳಿಯಿತು. ದಂಡೆಯ ಅಂಚಿನಲ್ಲೇ ಚಕ್ರ ನೆಲ ಮುಟ್ಟಿತು. ಅಲ್ಲಿ ಗಾಳಿಗೆ ಮುಖಮಾಡಿ ಸಾಲಾಗಿ ಕೂತಿದ್ದ ಕಡಲಹಕ್ಕಿಗಳು ಚಕ್ರದಡಿಯಿಂದಲೇ ಎದ್ದವೇನೋ ಎಂಬಂತೆ ಚೆಲ್ಲಾಪಿಲ್ಲಿಯಾಗಿ ಹಾರಿದವು. ವಿಮಾನ ಕುಪ್ಪಳಿಸಿ, ಕಿತ್ತಳೆ ಟೈರುಗಳ ನಡುವೆ ನುಸುಳಿ, ಶೆಡ್ಡಿನ ಕಡೆ ಉರುಳಿಕೊಂಡು ಬಂತು.

ಶೆಡ್ಡಿನ ಮೂಲೆಯಲ್ಲಿ ತಿಂಡಿಯಂಗಡಿ ಇಟ್ಟಿರುವ ಜುಲ್ಮೀರಾ ಕಿಟಕಿಯಿಂದ ಕತ್ತು ಹೊರಗೆ ಹಾಕಿದಳು. ಎಪ್ಪತ್ತು ದಾಟಿದ ಪೋರ್ಚುಗೀಸ್ ಹೆಂಗಸು, ಬಯಲಿಗೆ ಬಂದವರೆಲ್ಲರ ಹೊಟ್ಟೆಯ ಹದ ಬಲ್ಲವಳು.

"ಯಾರೇ ಅದು, ಸಾಯೋಕೆ ಬಂದವನು?"

ವಿಮಾನ ನಿಂತಿತ್ತು. ಪಕ್ಕದ ಬಾಗಿಲು ಕೆಳಕ್ಕೆ ಬಿತ್ತು. ಉದ್ದ ಕಾಲಿನ ಒಬ್ಬ ಮುದುಕ ಒಂದೊಂದೇ ಕಾಲು ಹೊರಗಿಟ್ಟು ಇಳಿದ. ಚರ್ಮದ ಟೋಪಿ, ಗಿಡುಗನ ಮೂಗು. ಇಪ್ಪತ್ತೆರಡು ವರ್ಷ ಕಂಡಿರದಿದ್ದರೂ ಆ ಮೂಗನ್ನು ಮರೆಯುವಂತಿರಲಿಲ್ಲ.

"ಲೈಮನ್ ಸ್ವೇನ್," ಅಂದಳು ಡಾರ್ಕಸ್.

"ಬದುಕಿದಾನಾ ಇನ್ನೂ?"

"ಬದುಕಿದಾನೆ. ನಮ್ಮ ಗ್ರಹಚಾರ."

ಡಾರ್ಕಸ್‌ಗೆ ವಿಮಾನ ಹಾರಿಸಲು ಕಲಿಸಿದವನು ಈ ಲೈಮನ್. ಅವಳಿಗಷ್ಟೇ ಅಲ್ಲ, ದ್ವೀಪದ ಅರ್ಧ ಜನಕ್ಕೆ. ಬಯಲಿನ ನಡುವೆ ಪೂರ್ವ-ಪಶ್ಚಿಮವಾಗಿ ಹಾಯುವ ಅಡ್ಡ ರನ್‌ವೇ ಒಂದಿತ್ತು. ಆ ಪಟ್ಟಿ ಸ್ವೇನ್ ಮನೆತನದ್ದು. ಪಶ್ಚಿಮದ ಗಾಳಿ ಎದ್ದ ದಿನ ಎಲ್ಲರೂ ಅದರ ಮೇಲೆ ಇಳಿಯುತ್ತಿದ್ದರು, ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಇಪ್ಪತ್ತೆರಡು ವರ್ಷದ ಹಿಂದೆ ಲೈಮನ್ ಯಾರಿಗೂ ಒಂದು ಮಾತೂ ಹೇಳದೆ ಅದನ್ನು ಬೇಸಿಗೆಗಷ್ಟೇ ಬಂದು ಹೋಗುವ ಜನಕ್ಕೆ ಮನೆ ಕಟ್ಟಲು ಮಾರಿ ಆಚೆ ದಡಕ್ಕೆ ಹೊರಟುಹೋದ. ಅದಾದ ಮುಂದಿನ ಶರತ್ಕಾಲದಲ್ಲಿ ಡಾರ್ಕಸ್‌ಳ ಗಂಡ ರಾಯ್ಸ್ ಟಪಾಲು ಹೊತ್ತು ಬರುವಾಗ ಪಶ್ಚಿಮದ ಗಾಳಿ ಅಡ್ಡ ಹೊಡೆಯಿತು. ಇಳಿಯಲು ಅಡ್ಡ ರನ್‌ವೇ ಇರಲಿಲ್ಲ. ವಿಮಾನ ಮಗುಚಿತು. ರಾಯ್ಸ್ ಬದುಕಿದ, ಆದರೆ ಸೊಂಟ ಕೂಡಿಕೊಳ್ಳಲಿಲ್ಲ. ಈಗ ಫೆರಿ ದಕ್ಕೆಯಲ್ಲಿ ಟಿಕೆಟ್ ಹರಿಯುತ್ತಾನೆ.

ಡಾರ್ಕಸ್ ಅರ ಕೈಯಲ್ಲಿ ಹಿಡಿದೇ ಎದ್ದುಹೋದಳು.

"ಕಣ್ಣೇನು ಹಣೆ ಮೇಲಿದೆಯಾ ನಿಮಗೆ? ಸಾಲಿನ ಆಚೆ ಇಳೀಬಾರದು ಅಂತ ಗೊತ್ತಿಲ್ವಾ?"

"ನಮಸ್ಕಾರ ಡಾರ್ಕಸ್," ಅಂದ ಲೈಮನ್. ರೆಕ್ಕೆಗೆ ಆಸರೆಯಾದ ಕಂಬಿಯ ಮೇಲೆ ಒಂದು ಕೈ ಇಟ್ಟುಕೊಂಡೇ ನಡೆದು ಬಂದ. "ಬಂದವರಿಗೆ ಕಾಫಿ ಕೇಳೋ ಪದ್ಧತಿ ಬಿಟ್ಟುಬಿಟ್ರಾ ಇಲ್ಲಿ?"

"ಬಂದವರಿಗೆ ಕೇಳ್ತೀವಿ. ಮಾರಿಕೊಂಡು ಹೋದವರಿಗಿಲ್ಲ."

"ಕಾಫಿ ಜುಲ್ಮೀರಾದು. ನಿಂದಲ್ಲ."

ಮಾತು ನಿಜವಾಗಿತ್ತು. ಅದೇ ಡಾರ್ಕಸ್‌ಗೆ ಇನ್ನಷ್ಟು ಉರಿ ಹತ್ತಿಸಿತು. ಬೇಕೆಂದೇ ಅಂಚಿನಲ್ಲಿ ಇಳಿದಿದ್ದಾನೆ ಮುದುಕ, ನಿನ್ನ ಸಾಲು ನನಗಲ್ಲ ಅಂತ ತೋರಿಸಲು. ಹಾಗೆಂದೇ ಅವಳು ಅಂದುಕೊಂಡಳು.

*

ಶೆಡ್ಡಿನೊಳಗೆ ಸಾಸೇಜು ಹುರಿಯುವ ಖಾರದ ವಾಸನೆ, ಎಣ್ಣೆಯ ವಾಸನೆ, ಹಳೇ ಬಟ್ಟೆಯ ವಾಸನೆ. ಬಟ್ಟೆ ಗೋಡೆಯ ತುಂಬ ಇತ್ತು. ದ್ವೀಪಕ್ಕೆ ಬರುವ ಪ್ರವಾಸಿಗಳು ಈ ಗೋಡೆಯನ್ನು ನೋಡಲೆಂದೇ ಬರುತ್ತಾರೆ.

ಹಳೇ ಕಾಲದ ವಿಮಾನದಲ್ಲಿ ಕಲಿಯುವವನು ಮುಂದೆ ಕೂರುತ್ತಿದ್ದ, ಕಲಿಸುವವನು ಹಿಂದೆ. ಇಂಜಿನ್ನಿನ ಸದ್ದಿನಲ್ಲಿ ಮಾತು ಕೇಳದು. ತಪ್ಪು ಮಾಡಿದರೆ ಹಿಂದಿನಿಂದ ಅಂಗಿಯ ಚುಂಗು ಹಿಡಿದು ಜಗ್ಗುವುದು, ಅದೇ ಪಾಠ. ಮೊದಲ ಸಲ ಒಬ್ಬನೇ ಹಾರಿ ಇಳಿದ ದಿನ ಇನ್ನು ಜಗ್ಗುವ ಅಗತ್ಯವಿಲ್ಲ ಅಂತ ಗುರು ಆ ಚುಂಗನ್ನು ಕತ್ತರಿಸಿಬಿಡುತ್ತಿದ್ದ. ಈ ಪದ್ಧತಿ ಬೇರೆ ಕಡೆಯೂ ಇದೆ. ಹ್ಯಾರೋದಲ್ಲಿ ಅದಕ್ಕೊಂದು ಬಾಲ ಸೇರಿದೆ. ಚುಂಗಿನ ಮೇಲೆ ಹೆಸರು ಬರೆದು ಶೆಡ್ಡಿನ ಗೋಡೆಗೆ ಮೊಳೆ ಹೊಡೆಯುತ್ತಾರೆ. ಆ ಮನುಷ್ಯ ಹಾರುವಷ್ಟು ಕಾಲ ಅದು ಅಲ್ಲಿರುತ್ತದೆ. ಇನ್ನು ಹಾರುವುದಿಲ್ಲ ಅಂದ ದಿನ ತಾನೇ ಬಂದು ತನ್ನ ಕೈಯಿಂದ ಕೀಳಬೇಕು. ಇನ್ನೊಬ್ಬರ ಚುಂಗಿಗೆ ಕೈ ಹಚ್ಚುವಂತಿಲ್ಲ. ಹಾರುತ್ತಲೇ ಸತ್ತವರದ್ದು ಯಾವತ್ತಿಗೂ ಗೋಡೆಯಲ್ಲೇ.

ರಾಯ್ಸ್ ಊರುಗೋಲು ಹಿಡಿದು ಬಂದು ತನ್ನದನ್ನು ಕಿತ್ತ ದಿನ ಡಾರ್ಕಸ್ ಏಣಿ ಹಿಡಿದಿದ್ದಳು. ಅವತ್ತೇ ಅವಳು ಲೈಮನ್‌ನ ಚುಂಗನ್ನು ನೋಡಿ ಇದು ಯಾವತ್ತು ಇಳಿಯುತ್ತದೋ ನೋಡೇ ನೋಡುತ್ತೇನೆ ಅಂದುಕೊಂಡಿದ್ದಳು.

ಲೈಮನ್ ತಿಂಡಿಯಂಗಡಿಯ ಕಟ್ಟೆಯ ಮುಂದಿನ ಸ್ಟೂಲನ್ನು ಕೈಯಿಂದ ಸವರಿ ಕೂತ.

"ನನ್ನ ಚುಂಗು ಕಿತ್ತು ಒಲೆಗೆ ಹಾಕಿದೆಯಂತೆ ನೀನು. ಆಚೆ ದಡದಲ್ಲೆಲ್ಲ ಅದೇ ಮಾತು. ನೋಡಿಕೊಂಡು ಹೋಗೋಣ ಅಂತ ಬಂದೆ."

"ಅದಕ್ಕೋಸ್ಕರ ಬಂದ್ರಾ? ಪಟ್ಟಿ ಮಾರಿದಾಗ ಹೇಳೋಕೆ ಬರಲಿಲ್ಲ. ರಾಯ್ಸ್ ಬಿದ್ದಾಗ ನೋಡೋಕೆ ಬರಲಿಲ್ಲ. ಬಟ್ಟೆ ತುಂಡಿಗೆ ಬಂದ್ರಿ."

"ಕಿತ್ತಿದೀಯೋ ಇಲ್ಲವೋ?"

"ಅದನ್ನ ಕೀಳೋ ಕೈ ನಂದಲ್ಲ. ಇದೆ ಅಲ್ಲೇ, ನೋಡ್ಕೊಳ್ಳಿ."

ಲೈಮನ್ ತಲೆಯೆತ್ತಿ ಗೋಡೆಯನ್ನು ಒಮ್ಮೆ ನೋಡಿದ. "ಹೂಂ. ಇದೆ," ಅಂದ. ಎತ್ತ ನೋಡಿದನೋ ಡಾರ್ಕಸ್ ಗಮನಿಸಲಿಲ್ಲ. ಅವನ ಮುಖ ನೋಡುವ ಮನಸ್ಸೇ ಅವಳಿಗಿರಲಿಲ್ಲ.

ಜುಲ್ಮೀರಾ ಮೊಟ್ಟೆ, ಸಾಸೇಜು, ಎರಡು ತುಂಡು ಸಿಹಿ ಬ್ರೆಡ್ಡು ಇದ್ದ ತಟ್ಟೆಯನ್ನು ಅವನ ಮುಂದೆ ತಳ್ಳಿದಳು. "ತಿನ್ನು. ಒಂದು ಗೇಣು ಹಿಂದೆ ಇಳಿದಿದ್ರೆ ಇಷ್ಟೊತ್ತಿಗೆ ನಿನ್ನನ್ನೇ ಮೀನು ತಿಂತಿದ್ವು."

"ಗುರುತು ಇಟ್ಟಲ್ಲಿ ಇಳಿದೆ. ಅಂಚಿನಲ್ಲೇ ಗುರುತು ಬಿಟ್ಟವಳನ್ನ ಕೇಳು." ಲೈಮನ್ ತಟ್ಟೆಯ ಮೇಲೆ ಬಗ್ಗಿದ. "ಬಿಳೀ ಟೈರು ಇನ್ನೂ ನಾನಿಟ್ಟ ಜಾಗದಲ್ಲೇ ಇವೆ. ಸಾಲು ಮಾತ್ರ ಸೊಟ್ಟ. ಹ್ಯಾಲೆಟ್ ಮನೆಯವರಿಗೆ ನೇರ ಅಂದರೇನು ಅಂತ ಯಾವತ್ತು ಗೊತ್ತಿತ್ತು?"

ಜುಲ್ಮೀರಾ ಬಾಯಿ ತೆರೆದಳು. ಡಾರ್ಕಸ್ ಅವಳತ್ತ ಒಂದು ನೋಟ ಬೀರಿದಳು. ಜುಲ್ಮೀರಾ ಬಾಯಿ ಮುಚ್ಚಿ ಒಲೆಯ ಕಡೆ ತಿರುಗಿದಳು.

ಬಯಲಿನಲ್ಲಿ ಬಿಳಿ ಟೈರು ಒಂದೂ ಇರಲಿಲ್ಲ.

*

ಡಾರ್ಕಸ್ ಹೊರಗೆ ಬಂದು ದಕ್ಷಿಣದ ತುದಿಗೆ ನಡೆದಳು. ಹುಲ್ಲು ಇನ್ನೂ ಒದ್ದೆಯಿತ್ತು. ಕಿತ್ತಳೆ ಸಾಲು ದಾಟಿ ಎಚ್ಚರದಿಂದ ಹೆಜ್ಜೆಯಿಟ್ಟಳು. ಚಕ್ರದ ಗುರುತು ಸ್ಪಷ್ಟವಾಗಿ ಮೂಡಿತ್ತು. ಎಡಗಡೆಯ ಗೆರೆ ಶುರುವಾಗುವ ಜಾಗದ ಹಿಂದೆ ಅವಳ ಅಂಗೈ ಅಗಲದಷ್ಟು ಹುಲ್ಲಿತ್ತು, ಅದರಾಚೆ ಗಾಳಿ. ಬಗ್ಗಿ ಮಣ್ಣಿಗೆ ಮುಷ್ಟಿಯಿಂದ ಗುದ್ದಿದಳು. ಖಾಲಿ ಡಬ್ಬದ ಸದ್ದು ಬಂತು. ಕೆಳಗೆ ಗೂಡು ಕೊರೆದಿದ್ದ ಪುಟ್ಟ ಹಕ್ಕಿಗಳು ಗಾಬರಿಯಾಗಿ ಹೊರಗೆ ಹಾರಿದವು.

ಆಮೇಲೆ ಕಡಲಹಕ್ಕಿಗಳ ಕಡೆ ತಿರುಗಿದಳು. ಅವು ಮತ್ತೆ ಬಂದು ಕೂತಿದ್ದವು. ದಂಡೆಯ ಅಂಚಿನುದ್ದಕ್ಕೂ ಬಿಳಿ ಬಿಳಿಯಾಗಿ, ಒಂದಕ್ಕೊಂದು ಅಂತರ ಬಿಟ್ಟು, ಗಾಳಿಗೆ ಎದೆಯೊಡ್ಡಿ. ಈ ಬಯಲಿನಲ್ಲಿ ಗಾಳಿಯ ದಿಕ್ಕು ನೋಡಲು ಕಂಬದ ಗಾಳಿಚೀಲವನ್ನು ಯಾರೂ ನಂಬುವುದಿಲ್ಲ. ಉಪ್ಪು ಗಾಳಿಗೆ ಅದು ಯಾವಾಗಲೂ ಹರಿದಿರುತ್ತದೆ. ಹಕ್ಕಿ ನೋಡಿ ಇಳಿ, ಇದು ಲೈಮನ್ ತನ್ನ ಪ್ರತಿಯೊಬ್ಬ ಶಿಷ್ಯನಿಗೂ ಹೇಳಿಕೊಟ್ಟ ಮೊದಲ ಪಾಠ. ಹಕ್ಕಿ ಎತ್ತ ಮುಖ ಮಾಡಿದೆಯೋ ಅತ್ತ ಮುಖ ಮಾಡಿ ಇಳಿ. ಅದೇ ಹಕ್ಕಿಗಳನ್ನು ಅವನು ಇವತ್ತು ಟೈರು ಅಂದುಕೊಂಡಿದ್ದ. ದೂರದಿಂದ ನೋಡಿದರೆ ಯಾರಿಗೂ ಮೋಸವಾದೀತು. ಟೈರಿಗೆ ಕಿತ್ತಳೆ ಬಣ್ಣ ಬಳಿಯಲು ಶುರುಮಾಡಿದ್ದೂ ಅದಕ್ಕೇ. ಆದರೆ ಹತ್ತಿರ ಬಂದಾಗ? ಚಕ್ರ ತಾಕುವವರೆಗೂ ಕಾಣಲಿಲ್ಲ ಅಂದರೆ? ಕಿತ್ತಳೆ ಸಾಲಿನ ನಡುವೆಯೇ ಉರುಳಿ ಬಂದರೂ ಅದು ಕಣ್ಣಿಗೆ ಬೀಳಲಿಲ್ಲ ಅಂದರೆ?

ರೆಕ್ಕೆ ಹಿಡಿದು ನಡೆದದ್ದು, ಸ್ಟೂಲು ಸವರಿದ್ದು, ತಟ್ಟೆಗೆ ಮೂಗು ತಾಗಿಸಿ ತಿಂದದ್ದು, ಎಲ್ಲ ಒಂದಾದ ಮೇಲೊಂದು ನೆನಪಿಗೆ ಬಂತು.

ಹಮ್ಮಿನಿಂದ ಇಳಿದವನನ್ನು ದ್ವೇಷಿಸುವುದು ಸುಲಭ. ಕಣ್ಣು ಹೋದವನನ್ನು ಏನು ಮಾಡುವುದು?

ಗಾಳಿ ತಿರುಗುತ್ತಿತ್ತು. ಹಕ್ಕಿಗಳು ಒಂದೊಂದಾಗಿ ಎದ್ದು ದಕ್ಷಿಣಕ್ಕೆ ಮುಖ ಮಾಡಿ ಮತ್ತೆ ಕೂತವು. ಇನ್ನು ಹೊರಡುವವನು ಈ ದಂಡೆಯ ಕಡೆಗೇ ಓಡಿ ಏರಬೇಕು. ಕಡಲ ಮೇಲೆ ಮಂಜು ಮತ್ತೆ ಗಟ್ಟಿಯಾಗತೊಡಗಿತ್ತು.

ಡಾರ್ಕಸ್ ಸುಮ್ಮನಿದ್ದರೆ ಸಾಕಾಗಿತ್ತು. ಅವಳು ಏನೂ ಮಾಡಬೇಕಿರಲಿಲ್ಲ. ಬ್ಲೇಡು ಮಸೆಯುತ್ತ ಕೂತಿದ್ದರೆ ಮುದುಕ ತಾನಾಗಿ ಹತ್ತಿ, ತಾನಾಗಿ ಹಾರಿ, ಇಲ್ಲೋ ಆಚೆ ದಡದಲ್ಲೋ ಯಾವುದನ್ನೋ ಏನೋ ಅಂದುಕೊಂಡು ತಾನಾಗಿ ಬೀಳುತ್ತಿದ್ದ. ಯಾರೂ ಅವಳನ್ನು ಒಂದು ಮಾತು ಕೇಳುತ್ತಿರಲಿಲ್ಲ. ರಾಯ್ಸ್ ಕೂಡ ಕೇಳುತ್ತಿರಲಿಲ್ಲ. ಅಲ್ಲೇ ನಿಂತು ಆ ಯೋಚನೆಯನ್ನು ಅವಳು ಪೂರ್ತಿಯಾಗಿ ಯೋಚಿಸಿದಳು, ಅರ್ಧಕ್ಕೆ ಬಿಡಲಿಲ್ಲ. ಕೊನೆಗೆ ಅವಳಿಗೆ ಹೊಳೆದದ್ದು ಬಹಳ ಸಣ್ಣ ಮಾತು. ಹಾರುತ್ತಾ ಸತ್ತರೆ ಅವನ ಚುಂಗು ಯಾವತ್ತಿಗೂ ಗೋಡೆಯಲ್ಲೇ ಉಳಿಯುತ್ತದೆ.

"ಅದಾಗಲ್ಲ," ಅಂತ ಹಕ್ಕಿಗಳಿಗೆ ಹೇಳಿ ಶೆಡ್ಡಿನ ಕಡೆ ಹೊರಟಳು. ಆ ಕಾರಣ ಸಾಕೋ ಸಾಲದೋ ಅಂತ ತಲೆ ಕೆಡಿಸಿಕೊಳ್ಳಲಿಲ್ಲ. ಕೆಲಸಕ್ಕೆ ಕಾರಣ ಒಂದಿದ್ದರೆ ಆಯಿತು.

*

ಲೈಮನ್ ತಿಂಡಿ ಮುಗಿಸಿ ಹೊರಗೆ ಬರುವ ಹೊತ್ತಿಗೆ ಟ್ರಾಕ್ಟರ್ ರನ್‌ವೇಗೆ ಅಡ್ಡವಾಗಿ ನಿಂತಿತ್ತು. ಡಾರ್ಕಸ್ ಸೀಟಿನ ಮೇಲೆ ಕೂತಿದ್ದಳು. ಅವನು ಅದನ್ನು ಕಂಡಂತೆ ತೋರಲಿಲ್ಲ. ವಿಮಾನದ ಬಾಲವನ್ನು ಹಗ್ಗದಿಂದ ಬೇಲಿಗೂಟಕ್ಕೆ ಕಟ್ಟಿ, ಮುಂದೆ ಹೋಗಿ ಪ್ರೊಪೆಲ್ಲರನ್ನು ಕೈಯಿಂದ ಜೋರಾಗಿ ತಿರುಗಿಸಿದ. ಎರಡನೇ ಸಲಕ್ಕೆ ಇಂಜಿನ್ನು ಹತ್ತಿಕೊಂಡಿತು. ಕೈಗಳು ಮಾತ್ರ ಇನ್ನೂ ಹಳೇ ಲೈಮನ್‌ನವೇ. ಹಗ್ಗ ಬಿಚ್ಚಿ, ಒಳಗೆ ತೂರಿ, ಉರುಳಿಸಿಕೊಂಡು ಬಂದ.

ಬಾಲದ ಮೇಲೆ ಕೂರುವ ಇಂಥ ವಿಮಾನದ ಮೂತಿ ಮೇಲಕ್ಕಿರುತ್ತದೆ. ಮುಂದಿರುವುದನ್ನು ನೋಡಲು ಅತ್ತಿತ್ತ ಹಾವಿನ ಹಾಗೆ ತಿರುಗಿಸುತ್ತ ಬರಬೇಕು. ಅವನು ಹಾಗೇ ಬಂದ. ತೀರ ಹತ್ತಿರ ಬಂದ ಮೇಲೆ ಟ್ರಾಕ್ಟರ್ ಅವನ ಕಣ್ಣಿಗೆ ಬಿತ್ತು. ವಿಮಾನ ಗಕ್ಕನೆ ನಿಂತಿತು. ಪ್ರೊಪೆಲ್ಲರಿನ ಗಾಳಿ ಡಾರ್ಕಸ್‌ಳ ಕೂದಲನ್ನು ಹಿಂದಕ್ಕೆ ಹಾರಿಸಿತು.

"ತೆಗಿ ಅದನ್ನ," ಪಕ್ಕದ ಬಾಗಿಲಿನಿಂದ ತಲೆ ಹೊರಹಾಕಿ ಕೂಗಿದ.

"ತೆಗೆಯಲ್ಲ."

"ಮಂಜು ಬರ್ತಾ ಇದೆ. ತಮಾಷೆ ಸಾಕು."

"ನನ್ನ ಟೈರು ಯಾವ ಬಣ್ಣ, ಹೇಳಿ."

"ಏನು?"

"ಟೈರು. ಯಾವ ಬಣ್ಣ?"

ಲೈಮನ್ ತಲೆ ಒಳಗೆಳೆದುಕೊಂಡ. ಇಂಜಿನ್ನಿನ ಸದ್ದು ಒಂದಿಷ್ಟು ಏರಿತು. ವಿಮಾನ ಒಂದು ಮೊಳ ಮುಂದೆ ಬಂತು. ಸುತ್ತುತ್ತಿದ್ದ ಪ್ರೊಪೆಲ್ಲರಿಗೂ ಟ್ರಾಕ್ಟರಿನ ಚಕ್ರಕ್ಕೂ ನಡುವೆ ಒಬ್ಬ ಮನುಷ್ಯ ನಿಲ್ಲುವಷ್ಟು ಜಾಗ ಉಳಿಯಿತು. ಶೆಡ್ಡಿನ ಬಾಗಿಲಲ್ಲಿ ಜುಲ್ಮೀರಾ ಸೌಟು ಹಿಡಿದು ನಿಂತಿದ್ದಳು. ಡಾರ್ಕಸ್ ಕೂತಲ್ಲಿಂದ ಅಲುಗಲಿಲ್ಲ. ಟ್ರಾಕ್ಟರಿನ ಕೀಲಿಯನ್ನು ಅವನಿಗೆ ಕಾಣುವಂತೆ ಎತ್ತಿ ಹಿಡಿದು ಅಂಗಿಯ ಜೇಬಿಗೆ ಹಾಕಿಕೊಂಡಳು. ಅವನಿಗೆ ಕಂಡಿತೋ ಇಲ್ಲವೋ.

ಇಬ್ಬರೂ ಹಾಗೇ ಇದ್ದರು. ಇಂಜಿನ್ನು ಕೆಮ್ಮುತ್ತಲೇ ಇತ್ತು. ಕೊನೆಗೆ ಅದು ನಿಂತಿತು.

ಲೈಮನ್ ಇಳಿದು ಬಂದ.

"ರಾಯ್ಸ್‌ದು ತೀರಿಸ್ಕೊಳ್ತಿದೀಯ ನೀನು. ಇಪ್ಪತ್ತೆರಡು ವರ್ಷ ಕಾದು."

"ತೀರಿಸ್ಕೊಳ್ಳೋದಾಗಿದ್ರೆ ಟ್ರಾಕ್ಟರ್ ಶೆಡ್ಡಲ್ಲೇ ಇರ್ತಿತ್ತು. ನಾನು ಕಾಫಿ ಕುಡೀತಾ ನೋಡ್ತಿದ್ದೆ."

ಲೈಮನ್ ದಂಡೆಯ ಕಡೆ ತಿರುಗಿದ.

"ಟೈರು ಕಿತ್ತಳೆ ಬಣ್ಣ, ಲೈಮನ್. ಬಿಳಿ ಬಿಟ್ಟು ಎಷ್ಟೋ ಕಾಲವಾಯ್ತು. ದಂಡೆಯಿಂದ ಅಷ್ಟು ದೂರ ಒಳಗಿವೆ. ನೀವು ಇಳಿದದ್ದು ಹಕ್ಕಿ ಸಾಲಿಗೆ."

"ಹಕ್ಕಿಗೂ ಟೈರಿಗೂ ವ್ಯತ್ಯಾಸ ಗೊತ್ತಿಲ್ಲದೆ ಅರವತ್ತು ವರ್ಷ ಹಾರಿದೀನಾ ನಾನು?"

"ಅರವತ್ತು ವರ್ಷ ಗೊತ್ತಿತ್ತು. ಇವತ್ತು ಗೊತ್ತಾಗಲಿಲ್ಲ. ಆಚೆ ದಡದಲ್ಲಿ ಇಳೀವಾಗ ಏನನ್ನ ಏನು ಅಂದುಕೊಳ್ತೀರಿ? ರಸ್ತೇನಾ? ಆಟವಾಡೋ ಮಕ್ಕಳನ್ನಾ?"

"ಬಿಸಿಲು ಕಣ್ಣಿಗೆ ಹೊಡೀತಿತ್ತು."

"ಮಂಜಿತ್ತು. ಬಿಸಿಲೆಲ್ಲಿತ್ತು?"

"ನಿನಗೆ ಹೇಳಿಕೊಟ್ಟವನು ನಾನು. ನನಗೇ ಹೇಳಿಕೊಡ್ತೀಯಾ?"

"ನೀವು ಹೇಳಿಕೊಟ್ಟದ್ದನ್ನೇ ನಿಮಗೆ ಹೇಳ್ತಿದೀನಿ." ಡಾರ್ಕಸ್ ಟ್ರಾಕ್ಟರಿನಿಂದ ಇಳಿದಳು. "ಸರಿ. ಜಗಳ ಬೇಡ. ಶೆಡ್ಡಿಗೆ ಬನ್ನಿ. ನಿಮ್ಮ ಚುಂಗಿನ ಮೇಲೆ ಕೈ ಇಟ್ಟು ತೋರಿಸಿ. ತೋರಿಸಿದ್ರೆ ಟ್ರಾಕ್ಟರ್ ತೆಗೀತೀನಿ, ಪ್ರೊಪೆಲ್ಲರ್ ನಾನೇ ತಿರುಗಿಸ್ತೀನಿ, ಹತ್ತಿ ಹೋಗಿ. ನೋಡಿದೆ, ಇದೆ ಅಂದ್ರಲ್ಲ ಆಗಲೇ. ತೋರಿಸಿ."

"ಅಷ್ಟೇ ತಾನೇ?" ಅಂದ ಲೈಮನ್.

*

ಶೆಡ್ಡಿನೊಳಗೆ ಅವನು ತಡವರಿಸಲಿಲ್ಲ. ನೇರವಾಗಿ ಒಲೆಯ ಹೊಗೆಕೊಳವೆಯ ಬಳಿ ಹೋದ. ಎಡಗೈಯಿಂದ ಕೊಳವೆ ಮುಟ್ಟಿದ. ಬಲಗೈ ಗೋಡೆಯ ಮೇಲೆ ಸರಿಯುತ್ತಾ ಬಂದು ಒಂದು ಚುಂಗು, ಇನ್ನೊಂದು ಚುಂಗು ದಾಟಿ ಮೂರನೆಯದರ ಮೇಲೆ ನಿಂತಿತು. ಅದನ್ನು ಹಿಡಿದುಕೊಂಡ.

"ಇದು. ನಮ್ಮಪ್ಪನ ಹಸಿರು ಚೌಕುಳಿ ಅಂಗಿ. ಕದ್ದು ಹಾಕಿಕೊಂಡು ಬಂದಿದ್ದೆ ಅವತ್ತು. ಕತ್ತರಿಸಿಕೊಂಡು ಹೋಗಿದ್ದಕ್ಕೆ ಒದೆ ತಿಂದೆ." ಗೆದ್ದವನ ಹಾಗೆ ತಿರುಗಿದ. "ಹೋಗು. ಟ್ರಾಕ್ಟರ್ ತೆಗಿ."

ಡಾರ್ಕಸ್ ಅವನ ಮುಷ್ಟಿಯಲ್ಲಿದ್ದ ಬಟ್ಟೆಯನ್ನೇ ನೋಡುತ್ತಿದ್ದಳು. ಹತ್ತೊಂಬತ್ತನೇ ವಯಸ್ಸಿನಲ್ಲಿ ಅವಳು ವಿಮಾನದ ಮೂತಿ ತೀರ ಮೇಲಕ್ಕೆತ್ತಿದಾಗ, ತಿರುವಿನಲ್ಲಿ ತಡವರಿಸಿದಾಗ, ಅದೇ ಕೈ ಹಿಂದಿನಿಂದ ಅದೇ ಬಟ್ಟೆಯನ್ನು ಜಗ್ಗುತ್ತಿತ್ತು.

"ಅದು ನೀಲಿ ಹೂವಿನದು ಕಣಪ್ಪಾ," ಅಂದಳು ಜುಲ್ಮೀರಾ, ಮೆಲ್ಲಗೆ. "ಇವಳದ್ದು. ನೀನೇ ಕತ್ತರಿಸಿದ್ದು."

ಲೈಮನ್ ಬಟ್ಟೆಯನ್ನು ಕಣ್ಣಿನ ಹತ್ತಿರಕ್ಕೆ ತಂದ. ಕಿಟಕಿಯ ಬೆಳಕಿಗೆ ಮುಖ ವಾಲಿಸಿದ. ಕೈಬಿಟ್ಟ.

"ಜಾಗ ಬದಲಾಯಿಸಿದೀಯ," ಅಂದ. "ಮೋಸ ಇದು."

"ಸೂರು ಸೋರಿತ್ತು. ಆ ಸಾಲನ್ನೆಲ್ಲ ಸರಿಸಬೇಕಾಯ್ತು. ಜಾಗ ಬದಲಾದ್ರೂ ಬಟ್ಟೆ ಬದಲಾಗಿಲ್ಲ. ಹಸಿರು ಚೌಕುಳಿ ಹುಡುಕಿ. ಸಾಯಂಕಾಲದವರೆಗೂ ಹುಡುಕಿ, ನಾನೇನೂ ಅನ್ನಲ್ಲ."

ಅವನು ಗೋಡೆಯ ಕಡೆ ತಿರುಗಿ ನಿಂತ. ಒಂದು ಹೆಜ್ಜೆ ಇಟ್ಟ. ನಿಂತ. ಗೋಡೆಯ ತುಂಬ ಬಟ್ಟೆಗಳಿದ್ದವು, ಅವನಿಗೆ ಅದೆಲ್ಲ ಒಂದೇ ಬೂದು ಬಣ್ಣದ ಕಂಬಳಿಯ ಹಾಗೆ ಕಾಣುತ್ತಿತ್ತೋ ಏನೋ. ಜುಲ್ಮೀರಾ ಒಲೆಯನ್ನು ಆರಿಸಿದಳು. ಸಾಸೇಜಿನ ಚರಚರ ಸದ್ದು ನಿಂತ ಮೇಲೆ ಶೆಡ್ಡು ಇನ್ನೂ ದೊಡ್ಡದಾದಂತಾಯಿತು.

"ಎಷ್ಟು ದಿನದಿಂದ?" ಡಾರ್ಕಸ್ ಕೇಳಿದಳು.

"ನಿನಗ್ಯಾಕೆ."

"ಲೈಸೆನ್ಸಿಗೆ ಕಣ್ಣು ನೋಡೋ ಡಾಕ್ಟರಿಗೆ ಏನು ಹೇಳಿದ್ರಿ?"

"ಅಕ್ಷರದ ಹಲಗೆ ಬಾಯಿಪಾಠ ಮಾಡಿಕೊಂಡು ಹೋದೆ." ಕಟ್ಟೆಯ ಕಡೆ ಬಂದು ಸ್ಟೂಲಿಗೆ ಒರಗಿ ನಿಂತ. "ಎಲ್ಲರೂ ಮಾಡ್ತಾರೆ."

"ಎಲ್ಲರೂ ಮಾಡಲ್ಲ."

"ಫೋನ್ ಮಾಡ್ತೀಯಾ, ಲೈಸೆನ್ಸ್ ಕೊಡೋರಿಗೆ?"

"ಹಾರೋದನ್ನ ನೀವೇ ಮುಗಿಸಿದ್ರೆ ಮಾಡಲ್ಲ. ಇಲ್ಲಾಂದ್ರೆ ಈಗಲೇ ಮಾಡ್ತೀನಿ, ನಿಮ್ಮೆದುರಿಗೇ."

ಲೈಮನ್ ಟೋಪಿ ತೆಗೆದು ಕಟ್ಟೆಯ ಮೇಲಿಟ್ಟ. ಬೋಳು ತಲೆ ಮಗುವಿನದರ ಹಾಗಿತ್ತು. "ಅಡ್ಡ ಪಟ್ಟಿ ಮಾರಿದ್ದಕ್ಕೆ ನನಗೆ ಪಶ್ಚಾತ್ತಾಪ ಅಂತ ಹೇಳಿಸಬೇಕು ಅಂತಿದ್ರೆ, ಹೇಳಲ್ಲ. ನನ್ನ ನೆಲ. ಮಾರಿದೆ."

"ನಾನು ಕೇಳಲಿಲ್ಲ."

"ಕೇಳಬೇಡ."

"ಕೇಳೋದಿಲ್ಲ. ಕೇಳಿದ್ರೂ ನೀವು ಹೇಳೋದು ನನಗೆ ಬೇಕಾಗಿಲ್ಲ."

ಹೊರಗೆ ಮಂಜು ದಂಡೆಯನ್ನು ದಾಟಿ ಹುಲ್ಲಿನ ಮೇಲೆ ಹರಿದು ಬರುತ್ತಿತ್ತು. ಕಿತ್ತಳೆ ಟೈರುಗಳು ಒಂದೊಂದಾಗಿ ಮುಚ್ಚಿಹೋದವು.

"ಎಲ್ಲಿದೆ ನಂದು?" ಅಂದ ಲೈಮನ್.

ಡಾರ್ಕಸ್ ಹೋಗಿ ಮೂಲೆಯಲ್ಲಿದ್ದ ಏಣಿ ತಂದಳು. ಬಾಗಿಲಿಗೆ ಒರಗಿಸಿದಳು. ಸೂರು ಸೋರಿದ ವರ್ಷ ಅವನ ಚುಂಗನ್ನು ಅವಳೇ ಮೊಳೆ ಸಮೇತ ಬಾಗಿಲ ಮೇಲಕ್ಕೆ ಸಾಗಿಸಿದ್ದಳು. ಕೀಳುವುದು ಬೇರೆ, ಸರಿಸುವುದು ಬೇರೆ ಅಂತ ಅವತ್ತು ಜುಲ್ಮೀರಾಗೆ ವಾದ ಹೇಳಿದ್ದಳು. ಪ್ರತಿದಿನ ಬೆಳಿಗ್ಗೆ ಬಯಲಿಗೆ ಹೋಗುವಾಗ ಕಣ್ಣಿಗೆ ಬೀಳಲಿ, ಸಿಟ್ಟು ಆರದಿರಲಿ ಅಂತ ಇಟ್ಟ ಜಾಗ ಅದು.

"ಬಾಗಿಲ ಮೇಲಾ?" ಲೈಮನ್ ಕೇಳಿದ. "ಗೌರವದ ಜಾಗ."

"ಹಾಗಂತ ಅಂದುಕೊಳ್ಳಿ."

ಅವನು ಏಣಿ ಹತ್ತಿದ. ಅವಳು ಕೆಳಗೆ ಎರಡೂ ಕೈಯಿಂದ ಹಿಡಿದುಕೊಂಡಳು. ರಾಯ್ಸ್‌ಗೆ ಹಿಡಿದ ಅದೇ ಏಣಿ. ಅವತ್ತು ಅಳು ಬಂದಿತ್ತು. ಇವತ್ತು ಏನು ಬರುತ್ತದೆ ಅಂತ ಅವಳು ಕಾದಳು. ಖುಷಿ ಬರಬೇಕಿತ್ತು, ಇಷ್ಟು ವರ್ಷ ಅದಕ್ಕೇ ಕಾದದ್ದು. ಬರಲಿಲ್ಲ. ಮುದುಕನ ಬೂಟಿನ ಹಿಮ್ಮಡಿ ಸವೆದಿತ್ತು, ಕಾಲುಚೀಲ ಒಂದು ಕಂದು, ಒಂದು ಕಪ್ಪು. ಅವಳ ಕಣ್ಣ ಮುಂದಿದ್ದದ್ದು ಅಷ್ಟೇ.

ಮೇಲೆ ಅವನ ಬೆರಳುಗಳು ಮೊಳೆ ಹುಡುಕುತ್ತಿದ್ದವು. ಒಂದು ಸುಲಭವಾಗಿ ಬಂತು. ಇನ್ನೊಂದು ಬಂತು. ಮೂರನೆಯದು ತುಕ್ಕು ಹಿಡಿದು ಮರದೊಳಗೆ ಕಚ್ಚಿಕೊಂಡಿತ್ತು.

"ಇಕ್ಕಳ ಕೊಡ್ಲಾ?"

"ಬೇಡ."

ಅವನು ಬಟ್ಟೆಯನ್ನು ಜ‍ಗ್ಗಿದ. ಪರ್ರ್ ಅಂತ ಹರಿಯಿತು. ಇಳಿದು ಬಂದಾಗ ಅವನ ಕೈಯಲ್ಲಿ ಚುಂಗಿತ್ತು, ಒಂದು ಮೂಲೆ ಇರಲಿಲ್ಲ. ಆ ಚೂರು ಮೇಲೆ ಮೊಳೆಯಡಿ ಹಾಗೇ ಉಳಿದಿತ್ತು, ಹೆಬ್ಬೆರಳಿನಷ್ಟು ಹಸಿರು.

"ಅದು?" ಅಂದಳು ಡಾರ್ಕಸ್.

"ಅದು ಇರಲಿ." ಚುಂಗನ್ನು ಮಡಚದೆಯೇ ಕೋಟಿನ ಜೇಬಿಗೆ ತುರುಕಿದ. "ಬೆಳಿಗ್ಗೆ ಎದ್ದು ಬೈಯೋದಕ್ಕೆ ನಿನಗೇನಾದ್ರೂ ಬೇಕಲ್ಲ."

ಜುಲ್ಮೀರಾ ತಟ್ಟನೆ ಬೆನ್ನು ತಿರುಗಿಸಿದಳು. ನಕ್ಕಳೋ ಏನೋ.

*

ಮಧ್ಯಾಹ್ನದ ಫೆರಿಗೆ ಡಾರ್ಕಸ್ ತನ್ನ ಟ್ರಕ್ಕಿನಲ್ಲೇ ಅವನನ್ನು ಕರೆದುಕೊಂಡು ಹೋದಳು. ಬೇರೆ ಯಾರೂ ಇರಲಿಲ್ಲ. ಹೊರಡುವ ಮೊದಲು ಇಬ್ಬರೂ ಸೇರಿ ವಿಮಾನವನ್ನು ಶೆಡ್ಡಿನ ಗೋಡೆಯ ಮರೆಗೆ ತಳ್ಳಿ ರೆಕ್ಕೆಗಳನ್ನು ನೆಲದ ಕೊಂಡಿಗೆ ಬಿಗಿದಿದ್ದರು.

"ಬಾಲಕ್ಕೆ ಎರಡು ಗಂಟು," ಅಂದಿದ್ದ ಲೈಮನ್.

"ಗೊತ್ತು."

"ಮೊಮ್ಮಗಳು ಬಂದು ತಗೊಂಡು ಹೋಗ್ತಾಳೆ. ಅವಳಿಗೆ ಚೆನ್ನಾಗಿ ಬರುತ್ತೆ."

"ಸಾಲಿನ ಈಚೆ ಇಳಿಯೋಕೆ ಹೇಳಿ."

ದಾರಿಯಲ್ಲಿ ಬೇಸಿಗೆ ಜನರ ಮನೆಗಳು ಬಂದವು. ಬೂದು ಹಲಗೆಯ ದೊಡ್ಡ ದೊಡ್ಡ ಮನೆಗಳು, ಮುಚ್ಚಿದ ಕಿಟಕಿಗಳು. ಅಡ್ಡ ರನ್‌ವೇ ಅವುಗಳ ಅಡಿಯಲ್ಲೆಲ್ಲೋ ಇತ್ತು. ಲೈಮನ್ ಆ ಕಡೆಯೇ ಮುಖ ಮಾಡಿ ಕೂತಿದ್ದ. ಅವನಿಗೆ ಮನೆ ಕಂಡಿತೋ ಹುಲ್ಲು ಕಂಡಿತೋ ಹೇಳುವುದು ಕಷ್ಟ.

"ಪಶ್ಚಿಮದ ಗಾಳಿ ಬಂದ ದಿನ ಏನು ಮಾಡ್ತೀಯ ಈಗ?" ಅಂತ ಕೇಳಿದ.

"ಬಯಲು ಮುಚ್ತೀನಿ."

"ಹೂಂ," ಅಂದ.

ದಕ್ಕೆಯಲ್ಲಿ ರಾಯ್ಸ್ ಟಿಕೆಟ್ ಕಿಂಡಿಯ ಹಿಂದಿದ್ದ. ಲೈಮನ್ ಕಿಂಡಿಗೆ ತೀರ ಹತ್ತಿರ ಹೋಗಿ ಒಂದು ಟಿಕೆಟ್ ಕೇಳಿದ, ಕಿಂಡಿಯಾಚೆ ಇರುವುದು ಯಾರು ಅಂತ ಗೊತ್ತಾಗದೆ. ರಾಯ್ಸ್ ಅವನ ಮೂಗನ್ನು ನೋಡಿ, ತನ್ನ ಹೆಂಡತಿಯ ಮುಖ ನೋಡಿ, ಟಿಕೆಟ್ ಹರಿದು ಕೊಟ್ಟ. ಡಾರ್ಕಸ್ ತಲೆಯಾಡಿಸಿದಳು, ಏನೂ ಅನ್ನಬೇಡ ಅಂತ.

ವಾಪಸ್ ಬಂದವಳು ಟ್ರಾಕ್ಟರನ್ನು ರನ್‌ವೇಯಿಂದ ತೆಗೆದಳು. ಅವನು ಹಿಡಿದೆಳೆದು ಒಂದು ಮೊಳೆ ಸಡಿಲವಾಗಿದ್ದ ತನ್ನ ನೀಲಿ ಹೂವಿನ ಚುಂಗನ್ನು ಮತ್ತೆ ಗಟ್ಟಿ ಬಡಿದಳು. ಆಮೇಲೆ ಇಕ್ಕಳ ಹಿಡಿದು ಏಣಿ ಹತ್ತಿ ಬಾಗಿಲ ಮೇಲಿನ ಹಸಿರು ಚೂರಿನ ಹತ್ತಿರ ಹೋದಳು.

"ಅದು ನಿಂದಲ್ಲ ಕಣೇ," ಅಂದಳು ಜುಲ್ಮೀರಾ ಕೆಳಗಿನಿಂದ.

"ಗೊತ್ತು," ಅಂದಳು ಡಾರ್ಕಸ್. ಸ್ವಲ್ಪ ಹೊತ್ತು ಅಲ್ಲೇ ಏಣಿಯ ಮೇಲೆ ನಿಂತಿದ್ದು, ಚೂರನ್ನು ಹಾಗೇ ಬಿಟ್ಟು ಇಳಿದು ಬಂದು, ಬ್ಲೇಡು ಮಸೆಯಲು ಕೂತಳು.